ಲೆಕ್ಕದ ಪುಸ್ತಕ

ಕೆಲವು ವರ್ಷಗಳ ಹಿಂದೆ ಒಂದು ಸಾಯಂಕಾಲ, ಖೋ ಖೋ ಆಟದ ವೇಳೆಯಲ್ಲಿ, ಸೊರಬದ ಕಡೆಯಿಂದ ಬರುತ್ತಿದ್ದ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಆಟವನ್ನು ಬಿಟ್ಟು ಮರದ ಮರೆಯಲ್ಲಿ ಮೊಬೈಲನ್ನು ನೋಡುತ್ತಿರುವುದನ್ನು ಕಂಡೆವು. ವಿಚಾರಿಸದೆಯೇ ಗದರಿಸಿ, ಅದನ್ನು ಕಿತ್ತುಕೊಂಡು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆವು.

ಮರುದಿನ ಅವಳ ತಾಯಿಯು ಶಿಕಾರಿಪುರದ ಕಡೆಯಲ್ಲಿ ಅಡಿಕೆ ಸುಲಿಯುವ ಕೆಲಸವನ್ನು ಬಿಟ್ಟು ಬಂದರು. ಅವರಿಗೆ ಓದು ಬಾರದು. “ಟೀಚರಮ್ಮಾ, ಕೂಲಿ ಬಂತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು?” ಎಂದರು. ಕೂಲಿಯು ಬ್ಯಾಂಕಿಗೆ ಜಮೆಯಾದ ಸಂದೇಶವನ್ನು ಓದಿ ಲೆಕ್ಕ ಬರೆಯುವವಳು ಆ ಮಗಳೇ ಆಗಿದ್ದಳು.

ಬಾಲಿಕೆಯು ತನ್ನ ಲೆಕ್ಕದ ಪುಸ್ತಕವನ್ನು ತೋರಿಸಿದಳು. ಅಕ್ಕಿ, ಔಷಧ, ಬಳಿಕ “ತಂಗಿಯ ಖಾತೆಗೆ 250” ಎಂದಿತ್ತು. 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆಯಲ್ಲಿ ಹುಡುಗಿಗೆ 10 ವರ್ಷ ತುಂಬುವುದರೊಳಗೆ ಅಂಚೆ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಖಾತೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಬೇಕು. “ನನಗೆ ವಯಸ್ಸು ಮೀರಿತಮ್ಮಾ, ತಂಗಿಗೆ ಇನ್ನೂ ಒಂಬತ್ತು” ಎಂದಳು.

ನಮಗೆ ಬಹು ಲಜ್ಜೆಯಾಯಿತು. ಇಷ್ಟು ವರ್ಷ ಬಡ್ಡಿಯ ಗಣಿತವನ್ನು ಕಲಿಸಿದ ನಾವು ಒಂದು ಪಾಸುಪುಸ್ತಕವನ್ನಾದರೂ ತರಗತಿಯಲ್ಲಿ ತೆರೆದು ತೋರಿಸಿರಲಿಲ್ಲ. ಮೊಬೈಲನ್ನು ತಾಯಿಯ ಕೈಗಿತ್ತು, ಮಗಳ ಕ್ಷಮೆಯನ್ನು ಬೇಡಿದೆವು. ಅಂದಿನಿಂದ ತಿಂಗಳಿಗೊಂದು ಗಣಿತದ ಅವಧಿಯು ಮನೆಯ ಲೆಕ್ಕಕ್ಕೆ ಮೀಸಲಾಯಿತು. ಕೂಲಿಯ ಸಂದೇಶವನ್ನು ಆಫೀಸಿನಲ್ಲಿಯೇ ಓದಿ, ಅವಳು ನಿಶ್ಚಿಂತೆಯಾಗಿ ಆಟಕ್ಕೆ ಓಡುತ್ತಿದ್ದಳು.

ಪ್ರಿಯ ಪಾಲಕರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯಲ್ಲಿ ಹತ್ತು ತುಂಬದ ಹೆಣ್ಣುಮಗುವಿದ್ದರೆ ಆ ದಿನವು ದಾಟುವುದರೊಳಗೆ ಅಂಚೆ ಕಚೇರಿಗೆ ಹೋಗಿಬನ್ನಿರಿ.