ಒಂದು ರಾತ್ರಿಯ ಬಾಡಿಗೆ

ಈ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಇಸ್ತಾಂಬುಲಿಗೆ ಹೊರಟಿದ್ದೇವೆ. ಮನೆಯಲ್ಲಿ ಚರ್ಚೆಯೆಲ್ಲ ಹೋಟಲಿನದೇ. ಆ ಊರಿನ ಯುರೋಪು ದಂಡೆಯ ಮೇಲೆ ಪೇರಾ ಪ್ಯಾಲೇಸ್ ಇದೆ. ಓರಿಯಂಟ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿಯುವ ಸಿರಿವಂತರಿಗಾಗಿ 1890ರ ದಶಕದಲ್ಲಿ ಎದ್ದದ್ದು. 1977ರಲ್ಲಿ ಆ ನೇರ ರೈಲು ನಿಂತಿತು, ಹೋಟಲು ಉಳಿಯಿತು.

ಬಾಡಿಗೆ ನೋಡಿ ಕನ್ನಡಕ ಒರೆಸಿಕೊಂಡೆ. ಆಮೇಲೆ ಮೇಷ್ಟರ ತರ್ಕ ಹೂಡಿದೆ: "ನೋಡು, ನವೀಕರಿಸಿ 2010ರಲ್ಲಿ ಮತ್ತೆ ತೆರೆದಿದ್ದಾರೆ. ಹಾಸಿಗೆ, ಬಚ್ಚಲು ಎಲ್ಲ ಹೊಸದೇ. ಹಳೆಯದರ ಸೊಗಸೆಲ್ಲ ಎರಕದ ಕಬ್ಬಿಣದ ಲಿಫ್ಟಿನಲ್ಲಿ, ಗುಮ್ಮಟಗಳ ಹಜಾರದಲ್ಲಿ. ಅತಾತುರ್ಕ್ ತಂಗುತ್ತಿದ್ದ 101ನೆಯ ಕೋಣೆ ಈಗ ವಸ್ತುಸಂಗ್ರಹಾಲಯ. ಬೇರೆಡೆ ಅಗ್ಗವಾಗಿ ಮಲಗಿ, ಇಲ್ಲಿ ಬಂದು ಚಹಾ ಕುಡಿದರಾಯಿತಲ್ಲ!"

ನನ್ನಾಕೆ ಅಗಾಥಾ ಕ್ರಿಸ್ಟಿಯ ಭಕ್ತೆ. ಆಕೆ ಅಲ್ಲಿ ಇಳಿದಿದ್ದರೆಂದು ಹೋಟಲಿನವರೇ ಹೇಳಿಕೊಳ್ಳುತ್ತಾರೆ.

"ಚಹಾ ಕುಡಿದು ಎದ್ದು ಬರುವವರು ಬರಿಯ ಗಿರಾಕಿಗಳು. ದೀಪ ಆರಿಸಿದ ಮೇಲೆ ಆ ಮನೆ ಹೇಗಿರುತ್ತದೆಂದು ನನಗೆ ತಿಳಿಯಬೇಕು. ನನ್ನ ಮೊಣಕಾಲು ಇನ್ನೆಷ್ಟು ವರ್ಷ ಊರು ಸುತ್ತಲು ಬಿಟ್ಟೀತು?"

ತರ್ಕ ಅಲ್ಲಿಗೆ ಮುಗಿಯಿತು. ನಾಲ್ಕು ರಾತ್ರಿ ಸಾಧಾರಣ ವಸತಿ, ಐದನೆಯದು ಪೇರಾ. ಬೀದಿ ಕಡೆಯ ಕೋಣೆ ಬೇಡ, ಗೋಲ್ಡನ್ ಹಾರ್ನ್ ಕಾಣಬೇಕೆಂದೂ ಬರೆದಿದ್ದಾಳೆ. ಅದಕ್ಕೆ ಬೇರೆ ದರ.