ದೈತ್ಯನಿಗೂ ಒಂದು ಕಾರಣ ಬೇಕು

ಕಥೆ ಯಾವುದೇ ಇರಲಿ, ಅದರಲ್ಲೊಬ್ಬ ದುಷ್ಟನಿರಲೇಬೇಕು. ರಾಮನಿಗೆ ರಾವಣ, ಭೀಮನಿಗೆ ದುರ್ಯೋಧನ. ಈಗಿನ ಮಕ್ಕಳು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಅದ್ಭುತ ಕಥೆಯ ಆಟಗಳಲ್ಲಂತೂ ದುಷ್ಟರ ಪಡೆಗಳೇ ಇರುತ್ತವೆ. ಆಡುವವನು ತಾನೇ ವೀರನ ಪಾತ್ರ ವಹಿಸಿ, ಊರೂರು ಸುತ್ತಿ, ಆಯುಧ ಗಳಿಸಿ, ಆ ಪಡೆಯ ಒಡೆಯನನ್ನು ಸೋಲಿಸಬೇಕು. ಇಂಥ ಆಟಗಳಿಂದ ಮಕ್ಕಳು ಕೆಟ್ಟರೆಂದು ಪಾಲಕರು ನನ್ನ ಮುಂದೆ ಹೇಳುವುದುಂಟು. ಹೊತ್ತಿಗೆ ಮಿತಿಯಿರಬೇಕೆಂಬುದು ನನಗೂ ಒಪ್ಪಿಗೆಯೇ. ಆದರೆ ಈ ಆಟದಿಂದಲೇ ಹುಟ್ಟಿದ ಒಂದು ಒಳ್ಳೆಯ ಪ್ರಶ್ನೆಯನ್ನು ವಾಚಕರ ಮುಂದೆ ಇಡಬೇಕೆನಿಸಿದೆ.

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಒಮ್ಮೆ ಎಸ್.ಟಿ. ಬಸ್ಸಿನಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿಗಳು ನನ್ನ ಪಕ್ಕದಲ್ಲಿ ಕುಳಿತಿದ್ದರು. ಒಬ್ಬನು ಕೇಳಿದ: "ಸರ್, ಈ ಆಟದಾಗ ಒಬ್ಬ ರಾಕ್ಷಸ ಅದಾನ್ರಿ. ಜಗತ್ತೆಲ್ಲಾ ಸುಡ್ತೀನಿ ಅಂತಾನ. ಸುಟ್ಟ ಮ್ಯಾಲ ಅಂವಾ ಎಲ್ಲಿ ಇರ್ತಾನ್ರಿ? ಅವನ ಸೈನಿಕರು ಎಲ್ಲಿ ಇರ್ತಾರ?" ಇನ್ನೊಬ್ಬನು, "ಅದೆಲ್ಲಾ ಕೇಳಬಾರದಲೇ, ಬರೇ ಹೊಡೀಬೇಕು" ಎಂದ. ನನಗೆ ಮೊದಲನೆಯವನ ಮಾತೇ ಹಿಡಿಸಿತು.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕೇಳದೆ ಬಿಟ್ಟವರಲ್ಲ. ಜಾತ್ರೆಯ ದೊಡ್ಡಾಟವನ್ನು ನೆನೆಯಿರಿ. ಕಿರೀಟ, ಭುಜಕೀರ್ತಿ ಧರಿಸಿ ರಾಕ್ಷಸ ಪಾತ್ರಧಾರಿ ಅಬ್ಬರಿಸುತ್ತ ರಂಗಕ್ಕೆ ಬಂದರೆ, ಸಾರಥಿಯು ಅವನನ್ನು ಸುಮ್ಮನೆ ಬಿಡುವುದಿಲ್ಲ. ನೀವಾರು, ನಿಮ್ಮ ಊರಾವುದು, ಬಂದ ಕಾರಣವೇನು ಎಂದು ಕೇಳುತ್ತಾನೆ. ಎಂಥ ದೈತ್ಯನಾದರೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಕಾರಣ ಹೇಳದ ದುಷ್ಟನಿಗೆ ಅಲ್ಲಿ ಕುಣಿಯಲು ಜಾಗವಿಲ್ಲ.

ಕಥೆಯಲ್ಲಿ ತೂತು ಬೀಳುವುದೂ ಹೊಸದಲ್ಲ. 1997ರಲ್ಲಿ ಜಪಾನಿನಿಂದ ಬಂದ 'ಫೈನಲ್ ಫ್ಯಾಂಟಸಿ 7' ಎಂಬ ಆಟದಲ್ಲಿ, ಕಾಳಗದಲ್ಲಿ ಬಿದ್ದವರನ್ನು ಒಂದು ಗರಿಯಿಂದ ಎಬ್ಬಿಸಬಹುದು. ಆದರೆ ಏರಿತ್ ಎಂಬ ಹುಡುಗಿ ಕಥೆಯ ನಡುವೆ ಕೊಲೆಯಾದಾಗ ಆ ಗರಿಯನ್ನು ಯಾರೂ ತೆಗೆಯುವುದಿಲ್ಲ! ಏಕೆಂದು ಆಡಿದವರೆಲ್ಲ ಕೇಳಿದ್ದಾರೆ. ಇಂಥದೇ ಸಂಶಯ ರಾಮಾಯಣದಲ್ಲಿಯೂ ಬರುತ್ತದೆ. ಹನುಮಂತನು ಮೂಲಿಕೆಯ ಬೆಟ್ಟ ತಂದಾಗ ಅದರ ಗಾಳಿಗೆ ಸತ್ತ ಕಪಿಗಳೆಲ್ಲ ಎದ್ದರು. ಅದೇ ರಣಭೂಮಿಯಲ್ಲಿ ಸತ್ತ ರಾಕ್ಷಸರೇಕೆ ಏಳಲಿಲ್ಲ? ವಾಲ್ಮೀಕಿ ರಾಮಾಯಣದ ಪ್ರಚಲಿತ ಪಾಠದ ಯುದ್ಧಕಾಂಡದಲ್ಲಿ ಇದಕ್ಕೆ ಉತ್ತರವಿದೆ: ಸತ್ತ ರಾಕ್ಷಸರನ್ನು ಆಗಿಂದಾಗಲೇ ಸಮುದ್ರಕ್ಕೆ ಎಸೆಯಬೇಕೆಂದು ಮಾನಕ್ಕೆ ಅಂಜಿದ ರಾವಣನೇ ಅಪ್ಪಣೆ ಮಾಡಿದ್ದನು. ಎಂಥ ಜಾಣತನ ನೋಡಿ! ದುಷ್ಟನ ಸ್ವಭಾವದಿಂದಲೇ ಕಥೆಯ ತೂತು ಮುಚ್ಚಿತು. ಅವನ ಅಭಿಮಾನವೇ ಅವನ ಸೈನ್ಯಕ್ಕೆ ಮುಳುವಾಯಿತು.

ಮುಧೋಳದ ರನ್ನನು ಇನ್ನೂ ಮುಂದೆ ಹೋದವನು. ಹತ್ತನೆಯ ಶತಮಾನದ ಈ ಕವಿಯ 'ಗದಾಯುದ್ಧ'ದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಕೈಮುಗಿಯುತ್ತಾನೆ, ಕರ್ಣನನ್ನು ಕಂಡು ಗೋಳಾಡುತ್ತಾನೆ. ಸಂಧಿ ಮಾಡಿಕೊಳ್ಳೆಂದು ಭೀಷ್ಮನು ಹೇಳಿದರೆ, ತನ್ನ ಹೋರಾಟ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಓದುವವರ ಕಣ್ಣು ಒದ್ದೆಯಾಗುತ್ತವೆ. ಹಾಗೆಂದು ದ್ರೌಪದಿಗಾದ ಅಪಮಾನ ಸಣ್ಣದಾಗುವುದಿಲ್ಲ. ಕಾರಣ ತಿಳಿಯುವುದು ಬೇರೆ, ತಪ್ಪನ್ನು ಒಪ್ಪುವುದು ಬೇರೆ. ಈ ಭೇದವನ್ನು ಕಲಿಸುವುದೇ ಕಾವ್ಯದ ದೊಡ್ಡ ಉಪಕಾರ.

ಒಳ್ಳೆಯ ಆಟಗಳೂ ಇದನ್ನು ಅರಿತಿವೆ. ಆ ಜಪಾನಿ ಆಟದ ಶಿನ್ರಾ ಕಂಪನಿಯು ಭೂಮಿಯ ಜೀವಸತ್ವವನ್ನೇ ಹೀರಿ ವಿದ್ಯುತ್ತು ಮಾಡುತ್ತದೆ. ಕಂಪನಿಗೆ ಲಾಭ ಬೇಕು, ಜನರಿಗೆ ಬೆಳಕು ಬೇಕು. ಬೇಸಿಗೆಯ ರಾತ್ರಿ ಕರೆಂಟು ಹೋಗಿ ಬೆವರಿದ ನಮಗೆ ಇದು ಅರ್ಥವಾಗದ ಮಾತೇ? ಇಂಥ ದುಷ್ಟನು ಸುಮ್ಮನೆ ಜಗತ್ತು ಸುಡುವವನಿಗಿಂತ ಹೆಚ್ಚು ಭಯಂಕರ. ಏಕೆಂದರೆ ಅವನಲ್ಲಿ ನಮ್ಮ ಆಸೆಯೂ ಸ್ವಲ್ಪ ಇದೆ.

ಇದೆಲ್ಲ ಬರಿಯ ಕಥೆಯ ಮಾತೆಂದು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ನನ್ನ ವರ್ಗದಲ್ಲಿ ಎರಡು ಹಳ್ಳಿಗಳ ಹುಡುಗರು ಪರಸ್ಪರ ಮಾತು ಬಿಟ್ಟಿದ್ದರು. ಯಾರನ್ನು ಕೇಳಿದರೂ ಒಂದೇ ಉತ್ತರ: "ಅವರ ಸ್ವಭಾವನ ಹಂಗ ಐತ್ರಿ, ಸರ್." ಕಾರಣವಿಲ್ಲದ ದೈತ್ಯರು ನಮ್ಮ ಬೆಂಚಿನ ಮೇಲೆಯೇ ಕುಳಿತಿದ್ದರು! ನಾನು ಸಾರಥಿಯಾದೆ. ಪರರ ತಪ್ಪು ಹೇಳದೆ, ತಮ್ಮ ತಮ್ಮ ಕಾರಣ ಮಾತ್ರ ಹೇಳಬೇಕೆಂದೆ. ಒಂದು ಹಳ್ಳಿಯವರು ಸಂಜೆ ವರ್ಗ ಗುಡಿಸುವ ಪಾಳಿ ತಪ್ಪಿಸಿ ಓಡುತ್ತಿದ್ದುದೇ ಜಗಳದ ಮೂಲವೆಂದು ತಿಳಿಯಿತು. ಓಡುತ್ತಿದ್ದುದೇಕೆ? ಅವರ ಹಳ್ಳಿಯ ಕೊನೆಯ ಬಸ್ಸು ಶಾಲೆ ಬಿಟ್ಟ ಹತ್ತು ನಿಮಿಷಕ್ಕೇ ಹೊರಡುತ್ತಿತ್ತು. ಕೆಲಸ ತಪ್ಪಿಸಿದ್ದು ತಪ್ಪೇ. ಅದಕ್ಕೆ ಅವರಿಗೆ ಮುಂಜಾನೆಯ ಪಾಳಿ ಹಚ್ಚಿದೆವು. ಎರಡು ವಾರದೊಳಗೆ ಮಧ್ಯಾಹ್ನದ ಬುತ್ತಿ ಕೂಡಿಯೇ ಬಿಚ್ಚತೊಡಗಿದರು.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿಯಿಷ್ಟೆ: ಮಗ ಆಟ ಆಡುತ್ತಿದ್ದರೆ ಬೈಯುವ ಮೊದಲು, "ಆ ರಾಕ್ಷಸಗ ಏನ್ ಬೇಕಂತೋ, ತಮ್ಮಾ?" ಎಂದು ಒಮ್ಮೆ ಕೇಳಿರಿ. ವಿದ್ಯಾರ್ಥಿ ಮಿತ್ರರೇ, ನೀವು ಆ ಪ್ರಶ್ನೆಯನ್ನು ಆಟದಲ್ಲಿ ಕೇಳಿರಿ, ಕಾವ್ಯದಲ್ಲಿ ಕೇಳಿರಿ, ಓಣಿಯಲ್ಲಿಯೂ ಕೇಳಿರಿ. ಉತ್ತರ ಸಿಕ್ಕ ಮೇಲೆಯೂ ಹೋರಾಡಬೇಕಾಗಿ ಬರಬಹುದು. ಆದರೆ ಆಗ ನೀವು ಹೋರಾಡುವುದು ಒಬ್ಬ ಮನುಷ್ಯನೊಡನೆ ಎಂಬ ಎಚ್ಚರ ನಿಮಗಿರುತ್ತದೆ.