ನಾನು ಹಾಕಿಸದ ಪಿನ್ನು

2016ರಲ್ಲಿ ಪೀಣ್ಯದ ನನ್ನ ಶೆಡ್ಡಿಗೆ ಕಂಪ್ಯೂಟರ್ ಆದೇಶದಂತೆ ಲೋಹ ಕತ್ತರಿಸುವ ಹೊಸ ವಿಎಂಸಿ ಮಷೀನು ಬಂತು. ಬ್ಯಾಂಕಿನ ಸಾಲ, ಜೊತೆಗೆ ಕೇಂದ್ರ ಸರ್ಕಾರದ ಶೇ 15ರ ಬಂಡವಾಳ ಸಬ್ಸಿಡಿ. ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ದಿನ, ಇನ್ನು ಮೇಲೆ ನಮ್ಮದು ಬರೀ ಜಾಬ್ ವರ್ಕಿನ ಅಂಗಡಿಯಲ್ಲ ಎಂದು ಎಲ್ಲರೆದುರು ಹೇಳಿದ್ದೆ. ಹೊಸತನವೆಂದರೆ ಹೊಸ ಮಷೀನು ಎಂದೇ ನಂಬಿದ್ದೆ.

ಅದರಲ್ಲಿ ನಾವು ಮಾಡುತ್ತಿದ್ದದ್ದು ಒಂದು ಬ್ರಾಕೆಟ್. ನೋಡಲು ಎರಡು ಕಡೆಯೂ ಒಂದೇ ಥರ. ಮೊದಲೇ ಕೊರೆದ ಒಂದು ತೂತು ಮಾತ್ರ ನಡುವಿನಿಂದ ಒಂದೂವರೆ ಮಿಲಿಮೀಟರ್ ಪಕ್ಕಕ್ಕಿತ್ತು. ರಾತ್ರಿ ಪಾಳಿಯಲ್ಲಿ ಕಣ್ಣು ಎಳೆಯುವ ಹೊತ್ತಿಗೆ ಯಾರಾದರೂ ಬ್ರಾಕೆಟ್ಟನ್ನು, ಅದನ್ನು ಹಿಡಿದಿಡುವ ಫಿಕ್ಸ್ಚರಿನಲ್ಲಿ ತಿರುಗಿಸಿ ಕೂರಿಸಿಬಿಡುತ್ತಿದ್ದರು. ಒಂದು ದಿನ ಆಪರೇಟರ್ ಹುಡುಗ ಬಂದ. "ಆ ತೂತಿಗೆ ಸರಿಯಾಗಿ ಫಿಕ್ಸ್ಚರಲ್ಲಿ ಒಂದು ಡೋವೆಲ್ ಪಿನ್ ಹಾಕಿಸಿಬಿಡಿ ಸಾರ್. ಉಲ್ಟಾ ಇಟ್ರೆ ಪೀಸು ಕೂರೋದೇ ಇಲ್ಲ."

"ಅದಕ್ಕೆ ಇಂಜಿನಿಯರ್ ಇದಾನೆ. ನೀನು ಕೌಂಟ್ ನೋಡ್ಕೋ" ಎಂದೆ.

ಚಿತ್ರ ಬರೆದು ತಂದಿದ್ದ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದ. ಸುತ್ತ ಎಂಟು ಜನ ನಿಂತಿದ್ದರು. ಅದಾದ ಮೇಲೆ ಎರಡು ವರ್ಷ ಯಾರೊಬ್ಬರೂ 'ಹೀಗೆ ಮಾಡಿದರೆ ಹೇಗೆ' ಎಂದು ನನ್ನ ಬಳಿ ಬರಲಿಲ್ಲ. ನಾನದನ್ನು ಶಿಸ್ತು ಎಂದುಕೊಂಡೆ. ಕೊನೆಗೆ ಉಲ್ಟಾ ಕೂರಿಸಿ ಮಾಡಿದ ಪೀಸುಗಳಿಂದಾಗಿ ಇಡೀ ಲಾಟು ವಾಪಸ್ ಬಂತು, ಆರ್ಡರ್ ನಿಂತಿತು. ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಮಷೀನು ಖಾಲಿ ನಿಂತಿದ್ದರೂ ಕಂತು ಕಟ್ಟಲೇಬೇಕಿತ್ತು.

ಆಮೇಲೆ ಓದಿದೆ. 1961ರಲ್ಲಿ ಜಪಾನಿನ ಇಂಜಿನಿಯರ್ ಶಿಗೆಯೊ ಶಿಂಗೊ ಒಂದು ಸ್ವಿಚ್ ಕಾರ್ಖಾನೆಗೆ ಹೋಗಿದ್ದರಂತೆ. ಜೋಡಿಸುವವರು ಸ್ವಿಚ್ಚಿನ ಎರಡು ಪುಟ್ಟ ಸ್ಪ್ರಿಂಗುಗಳಲ್ಲಿ ಒಂದನ್ನು ಹಾಕಲು ಮರೆಯುತ್ತಿದ್ದರು. ಎರಡೂ ಸ್ಪ್ರಿಂಗುಗಳನ್ನು ಮೊದಲು ಒಂದು ತಟ್ಟೆಗೆ ಹಾಕಿಕೊಳ್ಳಿ ಎಂದರು ಶಿಂಗೊ. ತಟ್ಟೆಯಲ್ಲಿ ಉಳಿದರೆ ಮರೆತದ್ದು ಅಲ್ಲೇ ತಿಳಿಯುತ್ತದೆ. ತಪ್ಪು ಆಗದಂತೆಯೇ ತಡೆಯುವ, ಪೋಕಾ ಯೋಕೆ ಎಂದು ಜಗತ್ತೇ ಕಲಿತ ವಿದ್ಯೆ ಅದು. ನಮ್ಮ ಆಪರೇಟರ್ ಹುಡುಗ ಅದನ್ನೇ ಪೆನ್ಸಿಲ್ಲಿನಲ್ಲಿ ಬರೆದು ತಂದಿದ್ದ.

ಈಗ ಶನಿವಾರ ಅರ್ಧ ಗಂಟೆ ಮಷೀನು ನಿಲ್ಲಿಸುತ್ತೇವೆ. ಕೆಲಸಗಾರರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮೊದಲ ಕೆಲವು ತಿಂಗಳು ಬಂದದ್ದು ಫ್ಯಾನು, ಕುಡಿಯುವ ನೀರು, ಶೌಚಾಲಯದ ದೂರು ಮಾತ್ರ. ಅವನ್ನೆಲ್ಲ ಸರಿ ಮಾಡಿಸಿದ ಮೇಲೆಯೇ ಕೆಲಸದ ಮಾತು ಶುರುವಾಯಿತು. ಪ್ರಯೋಗಕ್ಕೆಂದು ಸ್ಕ್ರ್ಯಾಪ್ ಪೀಸು, ಹಳೆ ಟೂಲು, ವಾರಕ್ಕೆ ಎರಡು ಗಂಟೆ ಮೀಸಲಿದೆ; ಕೆಟ್ಟರೆ ಯಾರ ಸಂಬಳವನ್ನೂ ಹಿಡಿಯುವುದಿಲ್ಲ.

ಆ ಹುಡುಗನನ್ನು ಹುಡುಕಿ ಹೋಗಿ ತಪ್ಪು ನನ್ನದೆಂದು ಹೇಳಿದೆ, ಮತ್ತೆ ಬಾ ಎಂದು ಕರೆದೆ. ಬರಲಿಲ್ಲ. ದಾಬಸ್‌ಪೇಟೆಯಲ್ಲಿ ಈಗ ಅವನದೇ ಎರಡು ಮಷೀನಿನ ಶೆಡ್ಡಿದೆ. ನಮ್ಮ ಫಿಕ್ಸ್ಚರುಗಳನ್ನು ಅಲ್ಲೇ ಮಾಡಿಸುತ್ತೇನೆ.